ಜೀವ ಉಳಿಸಲು ಎರಡು ಕೈ

ಒಂದು ದಿನ ರಾತ್ರಿ. ಎಂಟು ಗಂಟೆ ಇರಬಹುದು. ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ನಡೀತಾ ಇತ್ತು. ಹದಿಮೂರು ವರ್ಷದ ಹುಡುಗನೊಬ್ಬ ಓಡಿ ಬಂದ.

"ಟೀಚರ್, ತಾತ ಬಿದ್ದುಬಿಟ್ರು! ಮಾತೇ ಆಡ್ತಿಲ್ಲ!"

ಪುಸ್ತಕ ಅಲ್ಲೇ ಬಿಟ್ಟೆವು. ಎಲ್ಲರೂ ಓಡಿದೆವು. ಪಡಸಾಲೆಯಲ್ಲಿ ತಾತ ಬಿದ್ದಿದ್ದರು. ಅಜ್ಜಿ ತಲೆ ಹತ್ತಿರ ಕೂತು ಅಳುತ್ತಿದ್ದರು. ಸೊಸೆ ಕೈಕಾಲು ಉಜ್ಜುತ್ತಿದ್ದಳು. ಮನೆಯಲ್ಲಿ ಬೇರೆ ಗಂಡಸರು ಯಾರೂ ಇರಲಿಲ್ಲ.

ಆಮೇಲೆ ಜನ ಸೇರಿದರು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು. ಒಬ್ಬರು ಕೈಗೆ ಬೀಗದ ಕೈ ಕೊಟ್ಟರು. ಒಬ್ಬರು ಮೂಗಿಗೆ ಈರುಳ್ಳಿ ಹಿಡಿದರು. ನಾವು ನಿಂತು ಬೀಸಣಿಗೆ ಬೀಸಿದೆವು. ತಾತನ ಗಂಟಲಿಂದ ಆಗಾಗ ಗೊರ್ ಗೊರ್ ಅಂತ ಸದ್ದು ಬರುತ್ತಿತ್ತು. "ಉಸಿರಿದೆ, ಉಸಿರಿದೆ" ಅಂದುಕೊಂಡೆವು.

ಗಾಡಿ ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ಮುಕ್ಕಾಲು ಗಂಟೆ ಆಗಿತ್ತು. ಡಾಕ್ಟರು ನೋಡಿದರು. ಆಮೇಲೆ ಒಂದೇ ಮಾತು ಕೇಳಿದರು:

"ಬಿದ್ದ ತಕ್ಷಣ ಯಾರಾದರೂ ಎದೆ ಒತ್ತಿದ್ರಾ?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಯಾರೂ ಒತ್ತಿರಲಿಲ್ಲ.

ಮಾರನೇ ವಾರ ಆ ಹುಡುಗ ಶಾಲೆಗೆ ಬಂದ. ನಮ್ಮ ಹತ್ತಿರ ನಿಂತ. "ಟೀಚರ್, ಎದೆ ಒತ್ತೋದು ಅಂದ್ರೆ ಹೇಗೆ? ನಮಗೆ ಯಾಕೆ ಯಾರೂ ಹೇಳಿಕೊಡಲಿಲ್ಲ?" ಅಂತ ಕೇಳಿದ.

ನಾವು ಶಿಕ್ಷಕರ ತರಬೇತಿ ಮುಗಿಸಿದವರು. ಅಕ್ಷರ ಕಲಿಸುತ್ತೇವೆ, ಲೆಕ್ಕ ಕಲಿಸುತ್ತೇವೆ. ಆದರೆ ಆ ಹುಡುಗನ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಎದೆ ಒತ್ತಿದ್ದರೆ ತಾತ ಬದುಕುತ್ತಿದ್ದರೋ ಇಲ್ಲವೋ, ಹೇಳಲು ಆಗುವುದಿಲ್ಲ. ಆದರೆ ಬದುಕುವ ಒಂದು ಅವಕಾಶ ಇತ್ತು. ಅದನ್ನು ನಾವು ಕೊಡಲಿಲ್ಲ.

ಆಮೇಲೆ ನಾವು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಲಿತೆವು. ಕಲಿತದ್ದನ್ನು ನಿಮಗೆ ಹೇಳುತ್ತೇವೆ. ನೀವು ಓದಿ. ಮನೆಯ ಮಕ್ಕಳಿಗೂ ಓದಿ ಹೇಳಿ.

ಎದೆ ಯಾಕೆ ಒತ್ತಬೇಕು?

ನಮ್ಮ ಎದೆಯೊಳಗೆ ಹೃದಯ ಇದೆ. ಗುಂಡಿಗೆ ಅಂತಲೂ ಅನ್ನುತ್ತೇವೆ. ಅದು ಒಂದು ಪಂಪು. ಹಿಂಡುತ್ತದೆ, ಸಡಿಲ ಬಿಡುತ್ತದೆ. ಹಿಂಡಿದಾಗ ರಕ್ತ ಮೈಗೆಲ್ಲಾ ಹರಿಯುತ್ತದೆ. ಮಿದುಳಿಗೂ ಹರಿಯುತ್ತದೆ.

ಕೆಲವು ಸಲ ಈ ಪಂಪು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸುತ್ತದೆ. ಇದಕ್ಕೆ ಹೃದಯ ಸ್ತಂಭನ ಅನ್ನುತ್ತಾರೆ. ಮನುಷ್ಯ ತಟ್ಟನೆ ಬೀಳುತ್ತಾನೆ. ಕೂಗಿದರೆ ಓಗೊಡುವುದಿಲ್ಲ. ಸರಿಯಾಗಿ ಉಸಿರಾಡುವುದಿಲ್ಲ. ಮಿದುಳಿಗೆ ರಕ್ತ ಹೋಗುವುದಿಲ್ಲ. ನಾಲ್ಕೈದು ನಿಮಿಷ ಕಳೆದರೆ ಮಿದುಳು ಕೆಡಲು ಶುರು ಆಗುತ್ತದೆ.

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಹೃದಯಾಘಾತದಲ್ಲಿ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುತ್ತದೆ. ಎದೆ ನೋಯುತ್ತದೆ, ಬೆವರುತ್ತದೆ. ಆದರೆ ಮನುಷ್ಯನಿಗೆ ಎಚ್ಚರ ಇರುತ್ತದೆ, ಮಾತಾಡುತ್ತಾನೆ. ಅವರ ಎದೆ ಒತ್ತಬಾರದು. ಬೇಗ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹೃದಯಾಘಾತ ಜೋರಾದರೆ ಹೃದಯ ಸ್ತಂಭನ ಆಗಬಹುದು. ಆಗ ಎದೆ ಒತ್ತಲೇಬೇಕು.

ಕರೆಂಟು ಹೋದರೆ ಮೋಟಾರು ನಿಲ್ಲುತ್ತದೆ. ಆಗ ನಾವು ಏನು ಮಾಡುತ್ತೇವೆ? ಕೈಪಂಪು ಒತ್ತಿ ನೀರು ತೆಗೆಯುತ್ತೇವೆ. ಇದೂ ಹಾಗೆಯೇ. ಹೃದಯ ನಿಂತಾಗ ಹೊರಗಿಂದ ಎದೆ ಒತ್ತುತ್ತೇವೆ. ಒತ್ತಿದಾಗ ರಕ್ತ ಮಿದುಳಿಗೆ ಹೋಗುತ್ತದೆ. ಡಾಕ್ಟರ ಕೈಗೆ ಸೇರುವ ತನಕ ಜೀವ ಹಿಡಿದಿಡುತ್ತೇವೆ. ಇದಕ್ಕೆ ಸಿ.ಪಿ.ಆರ್. ಎಂದು ಹೆಸರು.

ಮನೆಯಲ್ಲಿ ಇರುವವರು ಯಾರು?

ಹೆಚ್ಚಿನ ಜನ ಹೀಗೆ ಬೀಳುವುದು ಬಸ್ ಸ್ಟಾಂಡಿನಲ್ಲಿ ಅಲ್ಲ, ಆಸ್ಪತ್ರೆಯಲ್ಲೂ ಅಲ್ಲ. ಮನೆಯಲ್ಲಿ. ಆಗ ಹತ್ತಿರ ಇರುವವರು ಯಾರು? ಹೆಂಡತಿ, ಮಗಳು, ಸೊಸೆ, ಮೊಮ್ಮಕ್ಕಳು.

108 ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ಫೋನ್ ಮಾಡಿದರೆ ಬರುತ್ತದೆ. ಆದರೆ ಅದು ದಾರಿಯಲ್ಲಿ ಬರಬೇಕು. ಎಷ್ಟೇ ಬೇಗ ಬಂದರೂ ನಿಮಿಷಗಳು ಹಿಡಿಯುತ್ತವೆ. ಎದೆ ಒತ್ತದೆ ಸುಮ್ಮನಿದ್ದರೆ ಪ್ರತಿ ಒಂದು ನಿಮಿಷಕ್ಕೆ ಬದುಕುವ ಅವಕಾಶ 100ಕ್ಕೆ 7ರಿಂದ 10ರಷ್ಟು ಕಡಿಮೆ ಆಗುತ್ತಾ ಹೋಗುತ್ತದೆ. ನೀವೇ ಲೆಕ್ಕ ಹಾಕಿ. ಹತ್ತು ನಿಮಿಷಕ್ಕೆ ಎಷ್ಟಾಯಿತು?

ಅದಕ್ಕೇ ಹೇಳುತ್ತೇವೆ, ಮೊದಲ ವೈದ್ಯರು ಮನೆಯ ಹೆಂಗಸರು, ಮನೆಯ ಮಕ್ಕಳು. ಅವರಿಗೆ ಗೊತ್ತಿರಬೇಕು.

ಹೇಗೆ ಮಾಡುವುದು?

ಒಂದು: ಜಾಗ ನೋಡಿ. ಕರೆಂಟು ಹೊಡೆದು ಬಿದ್ದಿದ್ದರೆ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ನಿಮ್ಮ ಜೀವವೂ ಮುಖ್ಯ.

ಎರಡು: ಕರೆಯಿರಿ. ಎರಡೂ ಭುಜ ತಟ್ಟಿ ಜೋರಾಗಿ ಕೂಗಿ. ಓಗೊಟ್ಟರೋ? ಕಣ್ಣು ಬಿಟ್ಟರೋ?

ಮೂರು: ಉಸಿರು ನೋಡಿ. ಎದೆ ಏಳುತ್ತಾ ಇಳಿಯುತ್ತಾ ಇದೆಯೋ ನೋಡಿ. ಹತ್ತು ಎಣಿಸುವಷ್ಟು ಹೊತ್ತು ಸಾಕು. ನಾಡಿ ಹುಡುಕುತ್ತಾ ಕೂರಬೇಡಿ. ಗೊರ್ ಗೊರ್ ಅಂತ ಆಗೊಮ್ಮೆ ಈಗೊಮ್ಮೆ ಎಳೆದರೆ ಅದು ಉಸಿರಲ್ಲ. ಬಾಯಿ ತೆರೆದು ಮೀನಿನ ಹಾಗೆ ಮಿಡುಕಿದರೂ ಅದು ಉಸಿರಲ್ಲ. ನಾವು ಆವತ್ತು ಮೋಸ ಹೋದದ್ದು ಇಲ್ಲೇ.

ನಾಲ್ಕು: ಸಹಾಯ ಕರೆಯಿರಿ. 108ಕ್ಕೆ ಫೋನ್ ಮಾಡಿಸಿ. ಒಬ್ಬರೇ ಇದ್ದರೆ ಫೋನಿನ ಸ್ಪೀಕರ್ ಹಾಕಿ ಪಕ್ಕದಲ್ಲಿ ಇಡಿ. ಬಾಯಲ್ಲಿ ಮಾತು, ಕೈಯಲ್ಲಿ ಕೆಲಸ.

ಐದು: ಎದೆ ಒತ್ತಿ. ಮಂಚದ ಮೇಲೆ, ಹಾಸಿಗೆ ಮೇಲೆ ಬೇಡ. ಹಾಸಿಗೆ ತಗ್ಗುತ್ತದೆ, ಎದೆ ತಗ್ಗುವುದಿಲ್ಲ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಪಕ್ಕದಲ್ಲಿ ಮಂಡಿಯೂರಿ ಕುಳಿತುಕೊಳ್ಳಿ. ಸೆರಗು ಸೊಂಟಕ್ಕೆ ಸಿಕ್ಕಿಸಿ.

ಎದೆಯ ನಡುಮಧ್ಯೆ ಮೂಳೆ ಇದೆ. ಅದರ ಕೆಳಗಿನ ಅರ್ಧದ ಮೇಲೆ ಒಂದು ಅಂಗೈಯ ಬುಡ ಇಡಿ. ಅದರ ಮೇಲೆ ಇನ್ನೊಂದು ಕೈ ಇಡಿ. ಬೆರಳು ಹೆಣೆಯಿರಿ. ಮೊಣಕೈ ಬಗ್ಗಿಸಬೇಡಿ. ನಿಮ್ಮ ಭುಜ ನಿಮ್ಮ ಕೈಯ ನೇರ ಮೇಲೆ ಬರಲಿ. ಮೈಭಾರ ಹಾಕಿ ಒತ್ತಿ.

ಎಷ್ಟು ಆಳ? ಎರಡು ಇಂಚು. ಅಂದರೆ 5 ಸೆಂಟಿಮೀಟರ್. 6 ದಾಟಬಾರದು. ಮೆಲ್ಲಗೆ ಒತ್ತಿದರೆ ಪ್ರಯೋಜನ ಇಲ್ಲ.

ಎಷ್ಟು ಬೇಗ? ಒಂದು ನಿಮಿಷಕ್ಕೆ 100ರಿಂದ 120 ಸಲ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಅರ್ಧ ಸುತ್ತು ಬರುವಷ್ಟರಲ್ಲಿ 50ರಿಂದ 60 ಸಲ.

ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಿ. ಕೈ ಮಾತ್ರ ಎತ್ತಬೇಡಿ. ಹಿಟ್ಟು ನಾದುವ ಹಾಗೆ ಉಜ್ಜಬೇಡಿ. ನೇರ ಕೆಳಗೆ, ನೇರ ಮೇಲೆ.

ನಿಲ್ಲಿಸಬೇಡಿ. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ. ಪಕ್ಕದವರು ಕೈ ಬದಲಾಯಿಸಲಿ. ಆಂಬುಲೆನ್ಸ್‌ನವರು ಬಂದು ವಹಿಸಿಕೊಳ್ಳುವ ತನಕ, ಇಲ್ಲವೇ ಬಿದ್ದವರು ಮಿಸುಕಾಡಿ ಉಸಿರಾಡುವ ತನಕ ಒತ್ತಿ.

ಬಾಯಿಗೆ ಬಾಯಿಟ್ಟು ಉಸಿರು ಊದಬೇಕೇ? ಊದುವುದನ್ನು ಕಲಿತವರು 30 ಸಲ ಒತ್ತಿ 2 ಸಲ ಊದುತ್ತಾರೆ. ಕಲಿಯದವರು, ಊದಲು ಮನಸ್ಸು ಬಾರದವರು ಬರೀ ಎದೆ ಒತ್ತಿದರೂ ಸಾಕು. ನಮ್ಮ ದೇಶದ ಅರಿವಳಿಕೆ ವೈದ್ಯರು ಸೇರಿ ಸಾಮಾನ್ಯ ಜನರಿಗಾಗಿ ಬರೀ ಒತ್ತುವ ವಿಧಾನವನ್ನೇ 2017ರಲ್ಲಿ ಗೊತ್ತು ಮಾಡಿದ್ದಾರೆ. ಆದರೆ ಕೆರೆ ಬಾವಿಗೆ ಬಿದ್ದವರಿಗೆ, ಸಣ್ಣ ಮಕ್ಕಳಿಗೆ ಉಸಿರೂ ಬೇಕು. ಸಣ್ಣ ಮಕ್ಕಳ ಎದೆ ಒತ್ತುವ ರೀತಿಯೂ ಬೇರೆ. ಅದನ್ನು ಕಲಿಸುವವರ ಎದುರಿಗೇ ಕೂತು ಕಲಿಯಬೇಕು.

"ಮುಟ್ಟೋದು ಹೇಗೆ ಟೀಚರೇ?"

ನಾವು ಕೇಂದ್ರದಲ್ಲಿ ಇದನ್ನು ಹೇಳಿದಾಗ ಎಲ್ಲರೂ ಕೇಳಿದರು. ಆದರೆ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಒಬ್ಬ ಅಕ್ಕ ಮೆಲ್ಲಗೆ ಬಾಯಿಬಿಟ್ಟಳು.

"ಟೀಚರೇ, ನಮ್ಮ ಮಾವನೋರ ಎದುರಿಗೆ ನಾನು ನಿಂತೂ ಮಾತಾಡಲ್ಲ. ಅವರ ಎದೆ ಮೇಲೆ ಕೈ ಇಡೋದಾ? ನೋಡ್ದೋರು ಏನಂತಾರೆ?"

ಪಕ್ಕದಲ್ಲಿದ್ದ ಅಜ್ಜಿ ಗದರಿದರು. "ಮಾವ ಸತ್ತ ಮೇಲೆ ಕಾಲಿಗೆ ಬಿದ್ದು ಅಳ್ತೀಯಲ್ಲ, ಆವಾಗ ಮುಟ್ಟಲ್ವಾ? ಬದುಕಿದ್ದಾಗ್ಲೇ ಮುಟ್ಟು."

ಎಲ್ಲರೂ ನಕ್ಕರು. ನಕ್ಕರೂ ಮಾತು ಮನಸ್ಸಿಗೆ ಹೋಯಿತು.

ಸಂಕೋಚ ನಮಗೆ ಮಾತ್ರ ಅಲ್ಲ. ಹೆಂಗಸು ಬಿದ್ದರೆ ಗಂಡಸರು ಮುಟ್ಟಲು ಹಿಂಜರಿಯುತ್ತಾರೆ. ಸಾರ್ವಜನಿಕ ಜಾಗದಲ್ಲಿ ಬಿದ್ದ ಗಂಡಸರಿಗಿಂತ ಹೆಂಗಸರಿಗೆ ಎದೆ ಒತ್ತುವವರು ಸಿಗುವುದು ಕಡಿಮೆ ಅಂತ ಹೊರದೇಶದ ಅಧ್ಯಯನಗಳು ಹೇಳಿವೆ. ಹಾಗಾದರೆ ಹೆಂಗಸರನ್ನು ಉಳಿಸುವವರು ಯಾರು? ಕಲಿತ ಹೆಂಗಸರು. ಉಳಿದವರು ಒಂದು ಸೀರೆ ಮರೆ ಹಿಡಿದು ನಿಲ್ಲಲಿ. ಒಳಗೆ ಕೆಲಸ ನಡೆಯಲಿ.

ಇನ್ನೊಬ್ಬ ಅಕ್ಕ ಕೇಳಿದಳು. "ಪಕ್ಕೆ ಮೂಳೆ ಮುರಿದ್ರೆ?"

ಮುರಿಯಬಹುದು. ವಯಸ್ಸಾದವರಲ್ಲಿ ಲಟಕ್ ಅಂತ ಸದ್ದೂ ಕೇಳಬಹುದು. ಹೆದರಬೇಡಿ, ನಿಲ್ಲಿಸಬೇಡಿ. ಮೂಳೆ ಕೂಡುತ್ತದೆ. ಹೋದ ಜೀವ ಬರುವುದಿಲ್ಲ.

"ಒತ್ತಿದ ಮೇಲೂ ಸತ್ತರೆ ನಮ್ಮ ಮೇಲೆ ಬರಲ್ವಾ?"

ಹೃದಯ ನಿಂತವರು ಸುಮ್ಮನೆ ಬಿಟ್ಟರೆ ಸಾಯುತ್ತಾರೆ. ಒತ್ತಿದ್ದರಿಂದ ಅವರಿಗೆ ಇನ್ನೂ ಕೆಟ್ಟದ್ದು ಆಗುವುದಿಲ್ಲ. ರಸ್ತೆ ಅಪಘಾತದಲ್ಲಿ ಸಹಾಯ ಮಾಡಿದವರಿಗೆ ತೊಂದರೆ ಕೊಡಬಾರದು ಅಂತ ಸುಪ್ರೀಂ ಕೋರ್ಟು 2016ರಲ್ಲೇ ಹೇಳಿದೆ. ಒಂದು ಮಾತು ಮಾತ್ರ ಸರಿಯಾಗಿ ತಿಳಿದಿರಲಿ. ಎದೆ ಒತ್ತಿದವರೆಲ್ಲ ಬದುಕುವುದಿಲ್ಲ. ಬಹಳ ಜನ ಉಳಿಯುವುದಿಲ್ಲ. ಒತ್ತಿಯೂ ಉಳಿಯದಿದ್ದರೆ ಅದು ನಿಮ್ಮ ತಪ್ಪಲ್ಲ.

ಮಾತಾಡುವ ಯಂತ್ರ

ಹೃದಯ ಸ್ತಂಭನದಲ್ಲಿ ಹೃದಯ ಕೆಲವು ಸಲ ಪೂರ್ತಿ ನಿಂತಿರುವುದಿಲ್ಲ. ಸುಮ್ಮನೆ ನಡುಗುತ್ತಾ ಇರುತ್ತದೆ. ನಡುಗುತ್ತದೆ, ಆದರೆ ಹಿಂಡುವುದಿಲ್ಲ.

ನಮ್ಮ ತರಗತಿಯನ್ನೇ ನೋಡಿ. ಮೂವತ್ತು ಮಕ್ಕಳು ಒಬ್ಬೊಬ್ಬರು ಒಂದೊಂದು ಕೂಗುತ್ತಾರೆ. ಗಲಾಟೆ ಇದೆ, ಪಾಠ ಇಲ್ಲ. ಟೀಚರು ಮೇಜಿಗೆ ಒಂದು ಏಟು ಹಾಕುತ್ತಾರೆ. ಎಲ್ಲ ಒಂದು ಕ್ಷಣ ಗಪ್‌ಚಿಪ್. ಆಮೇಲೆ ಎಲ್ಲರೂ ಒಂದೇ ದನಿಯಲ್ಲಿ ಮಗ್ಗಿ ಶುರು ಮಾಡುತ್ತಾರೆ. ಹೃದಯಕ್ಕೂ ಹಾಗೆ ಒಂದು ಏಟು ಬೇಕು. ಕರೆಂಟಿನ ಏಟು. ಅದು ನಡುಕವನ್ನು ನಿಲ್ಲಿಸುತ್ತದೆ. ಆಮೇಲೆ ಹೃದಯ ತನ್ನ ಸ್ವಂತ ತಾಳ ಹಿಡಿಯಬಹುದು.

ಈ ಏಟು ಕೊಡುವ ಪೆಟ್ಟಿಗೆಗೆ ಎ.ಇ.ಡಿ. ಎಂದು ಹೆಸರು. ಟಿಫಿನ್ ಡಬ್ಬಿ ಹಾಗೆ ಕೈಯಲ್ಲಿ ಹಿಡಿದು ಹೋಗಬಹುದು. ದೊಡ್ಡ ವಿಮಾನ ನಿಲ್ದಾಣಗಳಲ್ಲಿ, ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತದೆ. ನಮ್ಮ ಹಳ್ಳಿಗಳಿಗೆ ಇನ್ನೂ ಬಂದಿಲ್ಲ. ಆದರೂ ತಿಳಿದಿರಬೇಕು. ಊರಿಂದ ಊರಿಗೆ ಓಡಾಡುತ್ತೇವೆ, ಮಕ್ಕಳು ಪಟ್ಟಣಕ್ಕೆ ಹೋಗುತ್ತಾರೆ.

ಪುನೀತ್ ರಾಜ್‌ಕುಮಾರ್ ನಿಮಗೆಲ್ಲ ಗೊತ್ತು. 2021ರ ಅಕ್ಟೋಬರ್ 29ರಂದು ಅವರು ಹೃದಯದ ತೊಂದರೆಯಿಂದ ತೀರಿಕೊಂಡರು. ಬರೀ 46 ವರ್ಷ. ಹೃದಯದ ಮಾತು ಅವತ್ತು ಹಳ್ಳಿ ಹಳ್ಳಿಗೂ ಮುಟ್ಟಿತು. 2023ರ ರಾಜ್ಯ ಬಜೆಟ್ಟಿನಲ್ಲಿ ಅವರ ನೆನಪಿಗಾಗಿ ಎ.ಇ.ಡಿ. ಯಂತ್ರ ಇಡುವ ಮಾತು ಬಂತು. ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಬಂತು. ಯಂತ್ರ ಗೋಡೆಯಲ್ಲಿ ನೇತಾಡಿದರೆ ಸಾಲದು. ತೆಗೆಯುವ ಕೈ ಬೇಕು.

ತೆಗೆದು ಏನು ಮಾಡುವುದು? ಪೆಟ್ಟಿಗೆ ಚಾಲೂ ಮಾಡಿದರೆ ಅದೇ ಮಾತಾಡುತ್ತದೆ. ಏನು ಮಾಡಬೇಕು ಅಂತ ಒಂದೊಂದಾಗಿ ಹೇಳುತ್ತದೆ. ಭಾಷೆ ತಿಳಿಯದಿದ್ದರೂ ಚಿತ್ರ ಇರುತ್ತದೆ. ಎರಡು ಅಂಟುವ ಪಟ್ಟಿ ಇರುತ್ತವೆ. ಒಂದನ್ನು ಬಲಗಡೆ ಕತ್ತಿನ ಮೂಳೆಯ ಕೆಳಗೆ, ಇನ್ನೊಂದನ್ನು ಎಡಗಡೆ ಕಂಕುಳ ಕೆಳಗೆ ಅಂಟಿಸಬೇಕು. ಬರೀ ಮೈಮೇಲೆ ಅಂಟಿಸಬೇಕು, ಬಟ್ಟೆ ಮೇಲೆ ಅಲ್ಲ. ಮೈ ಒದ್ದೆ ಇದ್ದರೆ ಒರೆಸಿ. ರವಿಕೆ ಬಿಚ್ಚಬೇಕಾದರೆ ಬಿಚ್ಚಿ. ಕತ್ತರಿಸಬೇಕಾದರೆ ಕತ್ತರಿಸಿ. ತಾಳಿ ಸರ ತೆಗೆಯಬೇಕಿಲ್ಲ. ಪಟ್ಟಿಗೆ ತಾಗದ ಹಾಗೆ ಪಕ್ಕಕ್ಕೆ ಸರಿಸಿ.

ಆಮೇಲೆ ಯಂತ್ರವೇ ಹೃದಯ ಪರೀಕ್ಷೆ ಮಾಡುತ್ತದೆ. ಆಗ ಯಾರೂ ಮುಟ್ಟಬಾರದು. ಏಟು ಬೇಕಾದರೆ ಮಾತ್ರ ಗುಂಡಿ ಒತ್ತಿ ಅನ್ನುತ್ತದೆ. ಬೇಡವಾದರೆ ಕೊಡುವುದೇ ಇಲ್ಲ. ಏಟು ಕೊಟ್ಟ ಕೂಡಲೇ ಮತ್ತೆ ಎದೆ ಒತ್ತಲು ಶುರು ಮಾಡಬೇಕು.

ಯಂತ್ರ ತರಲು ಒಬ್ಬರು ಓಡಲಿ. ಬರುವ ತನಕ ಒತ್ತುವುದು ನಿಲ್ಲಬಾರದು.

ಮಕ್ಕಳ ಕೈಲಿ ಆಗುತ್ತದೆಯೇ?

ಆಗುತ್ತದೆ. ಲೆಕ್ಕ ಸಮೇತ ಹೇಳುತ್ತೇವೆ.

ಅಮೆರಿಕದ ಸಿಯಾಟಲ್ ನಗರದಲ್ಲಿ ಆರನೇ ತರಗತಿಯ 15 ಮಕ್ಕಳ ಮುಂದೆ ಎ.ಇ.ಡಿ. ಪೆಟ್ಟಿಗೆ ಇಟ್ಟರು. ಅವರಿಗೆ ತರಬೇತಿ ಕೊಟ್ಟಿರಲಿಲ್ಲ. ಗೊಂಬೆಗೆ ಪಟ್ಟಿ ಅಂಟಿಸಿ ಗುಂಡಿ ಒತ್ತಲು ಮಕ್ಕಳಿಗೆ ಸರಾಸರಿ 90 ಸೆಕೆಂಡ್ ಬೇಕಾಯಿತು. ಆಂಬುಲೆನ್ಸ್ ಸಿಬ್ಬಂದಿಗೆ 67 ಸೆಕೆಂಡ್. ಅಂತರ ಬರೀ 23 ಸೆಕೆಂಡ್. 1999ರಲ್ಲಿ ಈ ವರದಿ ಬಂತು.

ಎದೆ ಒತ್ತಲು ಮಾತ್ರ ಬಲ ಬೇಕು. ಬ್ರಿಟನ್ನಿನಲ್ಲಿ 2007ರಲ್ಲಿ ಬಂದ ಒಂದು ಅಧ್ಯಯನ ಹೀಗೆ ಹೇಳುತ್ತದೆ: 13-14 ವರ್ಷದ ಮಕ್ಕಳು ದೊಡ್ಡವರ ಹಾಗೆಯೇ ಒತ್ತಬಲ್ಲರು. 9-10 ವರ್ಷದವರಿಗೆ ಅಷ್ಟು ಆಳ ಒತ್ತಲು ಬಲ ಸಾಲದು. ಆದರೆ ಜಾಗ, ತಾಳ ಎರಡನ್ನೂ ಅವರು ಕಲಿಯುತ್ತಾರೆ. ಸಣ್ಣ ಮಕ್ಕಳು 108ಕ್ಕೆ ಫೋನ್ ಮಾಡಬಹುದು. ನೆರೆಮನೆಯವರನ್ನು ಕರೆತರಬಹುದು. ದೊಡ್ಡವರು ಕಂಗಾಲಾದಾಗ "ಅಮ್ಮಾ, ಎದೆ ಮಧ್ಯೆ ಒತ್ತು" ಅಂತ ನೆನಪಿಸಬಹುದು.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಂದು ಮಾತಿಗೆ ಒಪ್ಪಿಗೆ ಕೊಟ್ಟಿತು. 12 ವರ್ಷದಿಂದ ಶಾಲಾ ಮಕ್ಕಳಿಗೆ ವರ್ಷಕ್ಕೆ 2 ಗಂಟೆ ಇದನ್ನು ಕಲಿಸಬೇಕು ಅಂತ. ವರ್ಷಕ್ಕೆ ಎರಡೇ ಗಂಟೆ!

ಒಂದು ದೇಶ ಕಲಿತ ಕಥೆ

ಯೂರೋಪಿನಲ್ಲಿ ಡೆನ್ಮಾರ್ಕ್ ಅಂತ ಒಂದು ಪುಟ್ಟ ದೇಶ ಇದೆ. ಅಲ್ಲಿ 2005ರಲ್ಲಿ ಶಾಲೆಗಳಲ್ಲಿ ಸಿ.ಪಿ.ಆರ್. ಕಲಿಸುವುದನ್ನು ಕಡ್ಡಾಯ ಮಾಡಿದರು. 2006ರಿಂದ ಡ್ರೈವಿಂಗ್ ಲೈಸೆನ್ಸ್ ಬೇಕಾದವರೂ ಇದನ್ನು ಕಲಿಯಬೇಕಾಯಿತು.

ಏನಾಯಿತು ನೋಡಿ. 2001ರಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತು ಬಿದ್ದ 100 ಜನರಲ್ಲಿ ಸುಮಾರು 21 ಜನರಿಗೆ ಮಾತ್ರ ಹತ್ತಿರದವರು ಎದೆ ಒತ್ತುತ್ತಿದ್ದರು. 2010ರಲ್ಲಿ ಅದು ಸುಮಾರು 45 ಆಯಿತು. ತಿಂಗಳ ನಂತರ ಬದುಕಿ ಉಳಿದವರು ಮೊದಲು 100ಕ್ಕೆ ಮೂರು ನಾಲ್ಕು ಜನ. ಆಮೇಲೆ ಸುಮಾರು 11 ಜನ. ಇದೊಂದೇ ಕಾರಣ ಅಲ್ಲ. ಆಂಬುಲೆನ್ಸ್, ಆಸ್ಪತ್ರೆ ಕೂಡ ಸುಧಾರಿಸಿತ್ತು. ಆದರೆ ಜನ ಕಲಿತದ್ದೂ ದೊಡ್ಡ ಕಾರಣ.

ನಮ್ಮ ದೇಶದಲ್ಲೂ ಕೆಲಸ ಶುರು ಆಗಿದೆ. 2023ರ ಡಿಸೆಂಬರ್ 6ರಂದು ಕೇಂದ್ರ ಸರ್ಕಾರ ದೇಶದಾದ್ಯಂತ ಸಿ.ಪಿ.ಆರ್. ತಿಳಿವಳಿಕೆ ಕಾರ್ಯಕ್ರಮ ನಡೆಸಿತು. ಆದರೆ ಒಂದು ದಿನ ಕಲಿತದ್ದು ಮರೆಯುತ್ತದೆ. ನಮ್ಮ ಅಕ್ಷರದ ಹಾಗೆಯೇ ಇದು. ಬರೆಯುತ್ತಾ ಇದ್ದರೆ ಉಳಿಯುತ್ತದೆ. ಬಿಟ್ಟರೆ ಮಾಯ.

ಗೊಂಬೆಯ ಕಥೆ

ಎದೆ ಒತ್ತುವುದನ್ನು ಕಂಡುಹಿಡಿದದ್ದು ಹೇಗೆ ಗೊತ್ತೇ? ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಕೋವೆನ್‌ಹೋವನ್ ಎಂಬವರಿದ್ದರು. ಅವರು ವೈದ್ಯರಲ್ಲ, ಕರೆಂಟಿನ ಎಂಜಿನಿಯರು. ಇಬ್ಬರು ಜೊತೆಗಾರರ ಜೊತೆ ಸೇರಿ 1960ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಇದಕ್ಕೆ ಎರಡು ಕೈ ಸಾಕು ಎಂಬುದು ಅವರ ಮಾತಿನ ಸಾರ.

ಆದರೆ ಜನ ಅಭ್ಯಾಸ ಮಾಡುವುದು ಯಾರ ಮೇಲೆ? ಬದುಕಿರುವವರ ಎದೆ ಒತ್ತಬಾರದು. ನಾರ್ವೆ ದೇಶದಲ್ಲಿ ಲೇರ್ಡಾಲ್ ಎಂಬ ಆಟಿಕೆ ತಯಾರಕ ಇದ್ದ. ಒಮ್ಮೆ ಅವನ ಪುಟ್ಟ ಮಗ ನೀರಿಗೆ ಬಿದ್ದಿದ್ದ. ತಂದೆಯೇ ಎತ್ತಿ ಬದುಕಿಸಿದ್ದ. ಅವನು 1960ರಲ್ಲಿ ಒಂದು ದೊಡ್ಡ ಗೊಂಬೆ ಮಾಡಿದ. ಎದೆ ಒತ್ತಿದರೆ ತಗ್ಗುವ, ಊದಿದರೆ ಉಬ್ಬುವ ಗೊಂಬೆ. ಅದಕ್ಕೆ ಹೆಣ್ಣಿನ ಮುಖ ಕೊಟ್ಟ. ಲೋಕದ ಎಷ್ಟೋ ಜನ ಆ ಗೊಂಬೆಯ ಮೇಲೆ ಜೀವ ಉಳಿಸಲು ಕಲಿತರು.

ನಮ್ಮ ಹತ್ತಿರ ಅಂಥ ಗೊಂಬೆ ಇಲ್ಲ. ನಾವೇನು ಮಾಡಿದೆವು ಗೊತ್ತೇ? ಒಂದು ಗೋಣಿಚೀಲ ತೆಗೆದುಕೊಂಡೆವು. ಹಳೇ ಬಟ್ಟೆ ಬಿಗಿಯಾಗಿ ತುಂಬಿ ಬಾಯಿ ಹೊಲಿದೆವು. ಇದ್ದಿಲಿನಲ್ಲಿ ಎದೆಯ ಮಧ್ಯೆ ಒಂದು ಗುರುತು ಹಾಕಿದೆವು. ಒಬ್ಬರು ಒತ್ತಿದರು. ಒಬ್ಬರು ಗಡಿಯಾರ ನೋಡಿದರು. ಉಳಿದವರು ಎಣಿಸಿದರು. ಒಂದು, ಎರಡು, ಮೂರು... ಹೊಸದಾಗಿ ಎಣಿಕೆ ಕಲಿತ ಅಕ್ಕಂದಿರ ದನಿ ಬೀದಿಗೆ ಕೇಳುತ್ತಿತ್ತು.

ಚೀಲದ ಮೇಲೆ ತಾಳ, ಭಂಗಿ ಕಲಿಯಬಹುದು. ಆಳ ಸರಿಯಾಗಿ ತಿಳಿಯಬೇಕಾದರೆ ತರಬೇತಿ ಗೊಂಬೆ ಬೇಕು. ನಿಮ್ಮ ಆಶಾ ಕಾರ್ಯಕರ್ತೆಯನ್ನು, ಆರೋಗ್ಯ ಕೇಂದ್ರದ ಡಾಕ್ಟರನ್ನು ಕೇಳಿ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳೂ ಪ್ರಥಮ ಚಿಕಿತ್ಸೆ ಕಲಿಸುತ್ತವೆ. ಹತ್ತು ಜನ ಹೆಂಗಸರು ಸೇರಿ ಹೋಗಿ ಕೇಳಿ. ನಿಮ್ಮ ಸ್ವಸಹಾಯ ಸಂಘದ ಸಭೆಗೆ ಕರೆಸಿ.

ಈಗ ಆ ಹುಡುಗ ನಮ್ಮ ಜೊತೆ ಬರುತ್ತಾನೆ. ಚೀಲವನ್ನು ಅವನೇ ಹೊತ್ತು ತರುತ್ತಾನೆ. ಅವನ ಅಜ್ಜಿಯೂ ಬರುತ್ತಾರೆ. ಅಜ್ಜಿಗೆ ಒತ್ತಲು ಆಗುವುದಿಲ್ಲ, ಮಂಡಿ ನೋವು. ಗೋಡೆಗೆ ಒರಗಿ ಕೂತು ಗಡಿಯಾರ ನೋಡುತ್ತಾರೆ. ಯಾರಾದರೂ ನಿಧಾನ ಮಾಡಿದರೆ ಕೂಗುತ್ತಾರೆ: "ನಿಲ್ಲಿಸಬ್ಯಾಡ ಮಗಾ, ಒತ್ತು!"

ನೆನಪಿಡಿ

ಕರೆದರೆ ಓಗೊಡದವರು, ಸರಿಯಾಗಿ ಉಸಿರಾಡದವರು – ಇವರ ಎದೆ ಒತ್ತಬೇಕು.
ಗೊರ್ ಗೊರ್ ಸದ್ದು ಉಸಿರಲ್ಲ.
ಎಚ್ಚರ ಇರುವವರ, ಸರಿಯಾಗಿ ಉಸಿರಾಡುವವರ ಎದೆ ಒತ್ತಬಾರದು. ಎಚ್ಚರ ತಪ್ಪಿ ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಉಸಿರು ನೋಡುತ್ತಾ ಇರಿ.
ಬಿದ್ದವರ ಬಾಯಿಗೆ ನೀರು ಹಾಕಬಾರದು.
108ಕ್ಕೆ ಫೋನ್ ಮಾಡಿ.
ಎದೆಯ ಮಧ್ಯೆ, ಎರಡು ಇಂಚು ಆಳ, ನಿಮಿಷಕ್ಕೆ 100ರಿಂದ 120 ಸಲ.
ನಿಲ್ಲಿಸಬಾರದು. ಸೋತರೆ ಕೈ ಬದಲಾಯಿಸಿ.

ಹೇಳಿ ನೋಡೋಣ

1. ಹೃದಯಾಘಾತಕ್ಕೂ ಹೃದಯ ಸ್ತಂಭನಕ್ಕೂ ಏನು ವ್ಯತ್ಯಾಸ?
2. ಹಾಸಿಗೆ ಮೇಲೆ ಯಾಕೆ ಎದೆ ಒತ್ತಬಾರದು?
3. ನಿಮ್ಮ ಮನೆಯಲ್ಲಿ ಯಾರಾದರೂ ಬಿದ್ದರೆ ಹತ್ತಿರ ಯಾರು ಇರುತ್ತಾರೆ? ಅವರಿಗೆ ಇದು ಗೊತ್ತಿದೆಯೇ?

ಮಾಡಿ ನೋಡಿ

ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ 108 ಅಂತ ಬರೆಯಿರಿ. ಅದರ ಕೆಳಗೆ "ಎದೆಯ ಮಧ್ಯೆ ಒತ್ತು" ಅಂತ ಬರೆಯಿರಿ. ನಿಮ್ಮ ಕೈಯಿಂದಲೇ ಬರೆಯಿರಿ. ಅಡುಗೆಮನೆ ಗೋಡೆಗೆ ಅಂಟಿಸಿ. ಮಕ್ಕಳಿಂದ ಓದಿಸಿ.